ವಾಕರ್ ಅಂದ್ರೆ ನಡೆಯುವವನಲ್ಲ, ತುಳಿಯುವವನು

ಕಳೆದ ಚಳಿಗಾಲದಲ್ಲಿ ನಾನೊಂದು ಒಳ್ಳೆಯ ಸ್ವೆಟರ್ ಹಾಳು ಮಾಡಿದೆ. ಅಕ್ಕ ಇಂಗ್ಲೆಂಡಿನಿಂದ ತಂದುಕೊಟ್ಟಿದ್ದು. ಅಪ್ಪಟ ಉಣ್ಣೆಯದು, ಬೂದಿ ಬಣ್ಣ. ಒಳಗೆ ಹೊಲಿದಿದ್ದ ಚೀಟಿಯಲ್ಲಿ ತಣ್ಣೀರಲ್ಲಿ ಕೈಯಿಂದಲೇ ಒಗೆಯಿರಿ ಅಂತ ಬರೆದಿತ್ತಂತೆ. ಅದನ್ನೆಲ್ಲ ಓದುವವರು ಯಾರು? ಬೆಡ್‌ಶೀಟುಗಳ ಜೊತೆ ವಾಷಿಂಗ್ ಮಷೀನಿಗೆ ತುರುಕಿ, ಬಿಸಿನೀರಿಗೆ ತಿರುಗಿಸಿ, ಕಾಫಿ ಕುಡಿಯಲು ಹೋದೆ. ಒಂದೂವರೆ ಗಂಟೆ ಬಿಟ್ಟು ತೆಗೆದಾಗ ಕೈಗೆ ಬಂದದ್ದು ಐದು ವರ್ಷದ ಮಗುವಿಗೆ ಆಗುವಂಥ ಅಂಗಿ. ದಪ್ಪ, ಗಟ್ಟಿ. ಹೆಣಿಗೆಯ ಕಣ್ಣು ಒಂದೂ ಕಾಣುತ್ತಿರಲಿಲ್ಲ. ಎಳೆದರೂ ಜಗ್ಗಲಿಲ್ಲ. ಅಮ್ಮ ಮುಟ್ಟಿ ನೋಡಿ, "ಇದೇನೋ ಇದು, ಕಂಬಳಿ ತುಂಡಾ?" ಅಂದರು.

ಅಕ್ಕನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವಳು ಬೈಯುತ್ತಾಳೆ ಅಂದುಕೊಂಡರೆ ನಗಲು ಶುರು ಮಾಡಿದಳು. "ನೀನು ಮಾಡಿರೋದು ಫುಲ್ಲಿಂಗ್ ಕಣೋ. ಇಲ್ಲಿನವರು ಶತಮಾನಗಟ್ಟಲೆ ಬೇಕಂತಲೇ ಮಾಡ್ತಿದ್ದ ಕೆಲಸ. ವಾಕರ್ ಅಂತ ಹೆಸರಿದೆಯಲ್ಲ, ಅದು ಇದೇ."

ವಾಕರ್ ಅಂದ್ರೆ ನಡೆಯುವವನು ಅಲ್ವಾ? ನಾನು ಅಷ್ಟು ದಿನ ಹಾಗೇ ಅಂದುಕೊಂಡಿದ್ದೆ. ಬೇಕರ್ ಅಂದ್ರೆ ಬ್ರೆಡ್ ಸುಡುವವನು, ಟೇಲರ್ ಅಂದ್ರೆ ದರ್ಜಿ, ಸ್ಮಿತ್ ಅಂದ್ರೆ ಕಮ್ಮಾರ, ವಾಕರ್ ಅಂದ್ರೆ ಬಹುಶಃ ಟಪಾಲು ಹೊತ್ತು ಊರೂರು ನಡೆಯುತ್ತಿದ್ದವನ ಮೊಮ್ಮಗ. ಯೋಚನೆ ಮಾಡಿದರೆ ಅದೂ ವಿಚಿತ್ರವೇ. ಎಲ್ಲರೂ ನಡೆಯುತ್ತಿದ್ದ ಕಾಲದಲ್ಲಿ ಒಬ್ಬನಿಗೆ ಮಾತ್ರ 'ನಡೆಯುವವನು' ಅಂತ ಯಾಕೆ ಹೆಸರಿಡುತ್ತಾರೆ?

ಅವನು ನಡೆಯುತ್ತಿದ್ದ, ನಿಜ. ಆದರೆ ನಿಂತ ಜಾಗದಲ್ಲೇ. ಒಂದು ತೊಟ್ಟಿಯೊಳಗೆ, ಬಟ್ಟೆಯ ಮೇಲೆ.

ಮಗ್ಗದಿಂದ ಆಗ ತಾನೇ ಇಳಿಸಿದ ಉಣ್ಣೆ ಬಟ್ಟೆ ಉಡಲು ಬರುವುದಿಲ್ಲ. ಎಳೆಗಳು ಸಡಿಲವಾಗಿರುತ್ತವೆ, ಗಾಳಿ ಆಚೆಯಿಂದ ಈಚೆಗೆ ಸಲೀಸಾಗಿ ಬರುತ್ತದೆ. ಕುರಿಯ ಮೈಯ ಜಿಡ್ಡು ಇನ್ನೂ ಉಳಿದಿರುತ್ತದೆ. ಸಾಲದ್ದಕ್ಕೆ ನೂಲು ತೆಗೆಯುವಾಗ ಜಾರಲಿ ಅಂತ ಸವರಿದ ಎಣ್ಣೆಯೋ ಬೆಣ್ಣೆಯೋ ಬೇರೆ. ಅದೆಲ್ಲ ಹೋಗಬೇಕು, ಜೊತೆಗೆ ಬಟ್ಟೆ ಬಿಗಿಯಬೇಕು. ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಮೈಯಲ್ಲಿರುವ ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ಒದ್ದೆ ಮಾಡಿ, ಬೆಚ್ಚಗೆ ಇಟ್ಟು, ಹಿಸುಕಿ, ತುಳಿದು, ಹೊರಳಿಸಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಒಮ್ಮೆ ಸಿಕ್ಕಿಕೊಂಡವು ಮತ್ತೆ ಬಿಡುವುದಿಲ್ಲ. ಬಟ್ಟೆ ಕುಗ್ಗಿ ದಪ್ಪವಾಗುತ್ತದೆ, ಮಳೆ ಚಳಿ ತಡೆಯುವ ಹಾಗಾಗುತ್ತದೆ. ನನ್ನ ಮಷೀನು ಒಂದೂವರೆ ಗಂಟೆಯಲ್ಲಿ ಮಾಡಿದ್ದು ಇದನ್ನೇ, ಹೇಳದೆ ಕೇಳದೆ. ಆಗಿನ ಇಂಗ್ಲೆಂಡಿನಲ್ಲಿ ಇದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಕಚ್ಚೆ ಎತ್ತಿ ಕಟ್ಟಿದಂತೆ ಬಟ್ಟೆ ಮೇಲೆತ್ತಿಕೊಂಡು ಗಂಡಸರು ತೊಟ್ಟಿಗಿಳಿದು ತುಳಿಯುತ್ತಿದ್ದರು.

ತೊಟ್ಟಿಯಲ್ಲಿ ಇರುತ್ತಿದ್ದದ್ದು ಬರೀ ನೀರಲ್ಲ. ಹಳಸಿದ ಮೂತ್ರ. ಹೌದು, ಮನುಷ್ಯರದ್ದೇ. ಹೊಸದಾದರೆ ಪ್ರಯೋಜನವಿಲ್ಲ, ಕೆಲವು ದಿನ ಇಟ್ಟು ಘಾಟು ಬರಬೇಕು. ಆ ಘಾಟೇ ಅಮೋನಿಯಾ, ಜಿಡ್ಡನ್ನು ಕೀಳುವುದು ಅದೇ. ಸೋಪು ದುಬಾರಿಯಿದ್ದ ಕಾಲದಲ್ಲಿ ಪುಕ್ಕಟೆ ಸಿಗುತ್ತಿದ್ದ ಸೋಪು ಅಂದ್ರೆ ಇದೇ. ಯಾರ್ಕ್‌ಷೈರಿನ ಕೆಲವು ಕಡೆ 19ನೇ ಶತಮಾನದವರೆಗೂ ಮನೆಮನೆಯಿಂದ ಇದನ್ನು ಸಂಗ್ರಹಿಸಿ ಉಣ್ಣೆ ಕೆಲಸಕ್ಕೆ ಬಳಸುತ್ತಿದ್ದರು.

ಜೊತೆಗೆ ಒಂದು ಬಗೆಯ ನುಣುಪಾದ ಜೇಡಿಮಣ್ಣು ಹಾಕುತ್ತಿದ್ದರು. ಅದು ಎಣ್ಣೆಯನ್ನು ಹೀರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಫುಲ್ಲರ್ಸ್ ಅರ್ತ್' ಅನ್ನುತ್ತಾರೆ, ಅಂದ್ರೆ ಫುಲ್ಲರ್‌ನ ಮಣ್ಣು. ಲಂಡನ್ನಿನ ದಕ್ಷಿಣಕ್ಕಿರುವ ಸರ್ರೆಯ ನಟ್‌ಫೀಲ್ಡ್, ರೆಡ್‌ಹಿಲ್ ಕಡೆಯಲ್ಲಿ ಇದನ್ನು ಅಗೆಯುತ್ತಿದ್ದರು. 17ನೇ ಶತಮಾನದಲ್ಲಿ ಇಂಗ್ಲೆಂಡು ಈ ಮಣ್ಣನ್ನು ಹೊರದೇಶಕ್ಕೆ ಸಾಗಿಸುವುದನ್ನೇ ನಿಷೇಧಿಸಿತ್ತು. ಬೇರೆ ದೇಶದವರು ಒಳ್ಳೆಯ ಬಟ್ಟೆ ಮಾಡಿಬಿಟ್ಟರೆ ಅಂತ ಭಯ. ನಮ್ಮ ಬಚ್ಚಲಿನ ಕಪಾಟಿನಲ್ಲಿ ಇದೇ ಜಾತಿಯ ಮಣ್ಣಿನ ಪೊಟ್ಟಣ ಇದೆ. ಮುಲ್ತಾನಿ ಮಿಟ್ಟಿ! ತಂಗಿ ಅದನ್ನು ಮೊಸರಲ್ಲಿ ಕಲಸಿ ಮುಖಕ್ಕೆ ಮೆತ್ತಿಕೊಂಡು ಕೂತಿರುತ್ತಾಳೆ. ಮುಖದ ಎಣ್ಣೆಯಾದರೇನು, ಕುರಿಯ ಎಣ್ಣೆಯಾದರೇನು, ಮಣ್ಣಿಗೆ ಎರಡೂ ಒಂದೇ. ಇದನ್ನು ಅವಳಿಗೆ ಹೇಳಿ ಬೈಸಿಕೊಂಡೆ.

ತುಳಿಯುವ ಕೆಲಸ ಮಾತ್ರ ನನಗೆ ಹೊಸದಲ್ಲ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದಾಗ ವರ್ಷಕ್ಕೊಂದು ಸಲ ರಗ್ಗು, ಜಮಖಾನ ಎಲ್ಲ ಹೊರಗೆ ಬರುತ್ತಿದ್ದವು. ನೆನೆದ ರಗ್ಗನ್ನು ಎತ್ತಿ ಕಲ್ಲಿಗೆ ಕುಕ್ಕುವ ಶಕ್ತಿ ಅಜ್ಜಿಗೆ ಎಲ್ಲಿಂದ ಬರಬೇಕು? ಹಿತ್ತಲಿನ ಕಲ್ಲುತೊಟ್ಟಿಗೆ ಹಾಕಿ, ಅಂಟುವಾಳಕಾಯಿ ಕಿವುಚಿದ ನೀರು ಸುರಿದು, ನಮ್ಮನ್ನು ಒಳಗೆ ಇಳಿಸುತ್ತಿದ್ದರು. ಮೊದಲ ಹತ್ತು ನಿಮಿಷ ಭಾರೀ ಖುಷಿ. ನೊರೆ, ಜಾರಾಟ, ಒಬ್ಬರ ಮೇಲೊಬ್ಬರು ಬೀಳುವುದು. ಆಮೇಲೆ ತೊಡೆ ಹಿಡಿದುಕೊಳ್ಳುತ್ತದೆ. ಒದ್ದೆ ರಗ್ಗು ಕೆಸರಿನ ಹಾಗೆ ಕಾಲನ್ನು ಒಳಗೆ ಎಳೆಯುತ್ತದೆ, ಪ್ರತಿ ಹೆಜ್ಜೆಯೂ ಕಿತ್ತು ಇಡಬೇಕು. ಅಜ್ಜಿ ಮೆಟ್ಟಿಲ ಮೇಲೆ ಕೂತು "ಮೂಲೆ ತುಳೀರೋ, ಬರೀ ನಡೂಮಧ್ಯ ಕುಣೀತೀರಲ್ಲ" ಅನ್ನುತ್ತಿದ್ದರು. ಸಂಜೆಗೆ ನಮ್ಮ ಅಂಗಾಲು ಒಣಗಿದ ಖರ್ಜೂರದ ಹಾಗಾಗಿರುತ್ತಿತ್ತು. ನಾವು ತುಳಿದದ್ದು ಕೊಳೆ ಹೋಗಲಿ ಅಂತ, ಅವರು ತುಳಿದದ್ದು ಬಟ್ಟೆ ಬಿಗಿಯಲಿ ಅಂತ. ಕಾಲಿಗೆ ಆ ವ್ಯತ್ಯಾಸ ಏನು ಗೊತ್ತಾಗುತ್ತದೆ.

ಇನ್ನು ಹೆಸರಿನ ವಿಚಾರ. ಹಳೆಯ ಇಂಗ್ಲಿಷಿನಲ್ಲಿ 'ವೆಯಲ್ಕನ್' ಅಂತ ಒಂದು ಕ್ರಿಯಾಪದ ಇತ್ತು. ಅದಕ್ಕೆ ಹೊರಳು, ಹೊರಳಿಸು, ಅತ್ತಿತ್ತ ತೂರಾಡು ಅನ್ನುವ ಅರ್ಥ. ಸಮುದ್ರದ ಅಲೆ ಹೊರಳುವುದಕ್ಕೂ ಅದೇ ಮಾತು. ಬಟ್ಟೆಯನ್ನು ತುಳಿದು ಹೊರಳಿಸುವವನು 'ವೆಯಲ್ಕೆರೆ'. ಅದೇ ಸವೆದು ವಾಕರ್ ಆಯಿತು. ಇಲ್ಲಿ ನನಗೆ ನಿಜವಾಗಿ ತಲೆ ತಿರುಗಿದ್ದು ಏನೆಂದರೆ, ಇಂಗ್ಲಿಷಿನ 'ವಾಕ್' ಅನ್ನುವ ಮಾತಿಗೆ ಕಾಲಲ್ಲಿ ನಡೆಯುವುದು ಅನ್ನುವ ಅರ್ಥ ಬಂದದ್ದು ಸುಮಾರು 1200ರ ಹೊತ್ತಿಗೆ. ಅದಕ್ಕೂ ಮುಂಚೆ ನಡೆಯುವುದಕ್ಕೆ ಬೇರೆ ಪದಗಳಿದ್ದವು. ಅಂದ್ರೆ ಆ ಅರ್ಥದಲ್ಲಿ 'ವಾಕ್' ಮಾಡುವವರು ಬರುವ ಮುಂಚೆಯೇ ಈ ವಾಕರ್ ಇದ್ದ! ಜರ್ಮನ್ನರಲ್ಲಿ ಈಗಲೂ 'ವಾಲ್ಕೆನ್' ಅಂದ್ರೆ ಉಣ್ಣೆ ಬಟ್ಟೆಯನ್ನು ಹೀಗೆ ಬಿಗಿ ಮಾಡುವುದೇ, ನಡೆಯುವುದಲ್ಲ.

ಅಕ್ಕ ಫುಲ್ಲಿಂಗ್ ಅಂದಳಲ್ಲ, ಅದೂ ಇದೇ ಕೆಲಸ. ಫುಲ್ಲರ್ ಅಂದ್ರೂ ಇವನೇ. ಸಾಲದು ಅಂತ ಟಕರ್ ಅಂದ್ರೂ ಇವನೇ. ಒಂದೇ ಕಸುಬಿಗೆ ಮೂರು ಹೆಸರು. ಇಂಗ್ಲೆಂಡಿನ ಭೂಪಟ ಎದುರಿಗಿಟ್ಟುಕೊಂಡರೆ ಉತ್ತರ ಮತ್ತು ನಡುನಾಡಿನಲ್ಲಿ ವಾಕರ್, ಆಗ್ನೇಯಕ್ಕೆ ಮತ್ತು ಪೂರ್ವಕ್ಕೆ ಫುಲ್ಲರ್, ನೈಋತ್ಯದ ಡೆವನ್, ಸಾಮರ್‌ಸೆಟ್ ಕಡೆ ಟಕರ್. ಒಬ್ಬರ ಹೆಸರು ಕೇಳಿ ಅವರ ಮುತ್ತಾತನ ಮುತ್ತಾತ ಯಾವ ದಿಕ್ಕಿನವನು ಅಂತ ಊಹಿಸಬಹುದು. ರೈಲು ಬಂದು ಜನ ಊರು ಬಿಟ್ಟು ಊರಿಗೆ ಹೋಗುತ್ತಿದ್ದ 19ನೇ ಶತಮಾನದ ಕೊನೆಯ ಜನಗಣತಿಗಳಲ್ಲೂ ಈ ಮೂರು ಸೀಮೆಗಳು ಸಾಕಷ್ಟು ಸ್ಪಷ್ಟವಾಗಿಯೇ ಕಾಣುತ್ತವೆ.

ಫುಲ್ಲರ್ ಲ್ಯಾಟಿನ್ ಮೂಲದ್ದು. ರೋಮನ್ನರಲ್ಲಿ ಈ ಕೆಲಸದವನು 'ಫುಲ್ಲೊ'. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೆಯಲ್ಲಿ ಅವರ ಅಂಗಡಿಗಳು ತೊಟ್ಟಿಗಳ ಸಮೇತ ಸಿಕ್ಕಿವೆ. ಅಲ್ಲಿಂದ ತೆಗೆದ ಒಂದು ಚಿತ್ರ ಈಗ ನೇಪಲ್ಸಿನ ಮ್ಯೂಸಿಯಮ್ಮಿನಲ್ಲಿದೆ. ಗೂಡಿನಂಥ ಸಣ್ಣ ಜಾಗಗಳಲ್ಲಿ ತೊಟ್ಟಿ, ತೊಟ್ಟಿಯೊಳಗೆ ಹುಡುಗರು, ಅಕ್ಕಪಕ್ಕದ ಗಿಡ್ಡ ಗೋಡೆ ಹಿಡಿದುಕೊಂಡು ತುಳಿಯುತ್ತಿದ್ದಾರೆ. ನಾವು ಅಜ್ಜಿ ಮನೆಯ ತೊಟ್ಟಿಯಲ್ಲಿ ಹಿಡಿದುಕೊಂಡ ಹಾಗೇ. ಇವರಿಗೆಲ್ಲ ಬೇಕಾಗುತ್ತಿದ್ದ ಮೂತ್ರದ ಮೇಲೆ ಚಕ್ರವರ್ತಿ ವೆಸ್ಪೇಸಿಯನ್ ತೆರಿಗೆ ಹಾಕಿದ. ಮಗ ಟೈಟಸ್ ಮೂಗು ಮುರಿದಾಗ ಒಂದು ನಾಣ್ಯ ಅವನ ಮೂಗಿಗೆ ಹಿಡಿದು, ವಾಸನೆ ಬರುತ್ತಾ ಅಂತ ಕೇಳಿದ ಕಥೆ ಇದೆ. ಬರಲಿಲ್ಲವಂತೆ. ಇಟಲಿಯಲ್ಲಿ ಬೀದಿ ಬದಿಯ ಮೂತ್ರಾಲಯಕ್ಕೆ ಈ ಚಕ್ರವರ್ತಿಯ ಹೆಸರನ್ನೇ ಇಟ್ಟು ಸೇಡು ತೀರಿಸಿಕೊಂಡಿದ್ದಾರೆ.

ಟಕರ್ ಹುಟ್ಟಿದ್ದು ಹಳೆಯ ಇಂಗ್ಲಿಷಿನ 'ಟುಕಿಯನ್' ಅನ್ನುವ ಪದದಿಂದ. ಅದರ ಅರ್ಥ ಹಿಂಸಿಸು, ಗೋಳುಗುಟ್ಟಿಸು. ಮೂರರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಉತ್ತರದವರು ಬಟ್ಟೆ ಹೊರಳುವುದನ್ನು ನೋಡಿದರು, ಡೆವನ್ನಿನವರು ಅದು ಪಡುವ ಪಾಡನ್ನು ನೋಡಿದರು. ಎಕ್ಸೆಟರ್ ಊರಿನಲ್ಲಿ ನೇಕಾರರು, ಟಕರ್‌ಗಳು ಮತ್ತು ಕತ್ತರಿ ಕೆಲಸದವರು ಸೇರಿ 1471ರಲ್ಲಿ ಕಟ್ಟಿಸಿದ ಸಂಘದ ಮನೆ 'ಟಕರ್ಸ್ ಹಾಲ್' ಇವತ್ತಿಗೂ ನಿಂತಿದೆ.

ಹಿಂಸೆ ತೊಟ್ಟಿಗೇ ಮುಗಿಯುತ್ತಿರಲಿಲ್ಲ ಬಿಡಿ. ತುಳಿದ ಬಟ್ಟೆ ಒಣಗುವಾಗ ಅಂಕುಡೊಂಕಾಗಿ ಕುಗ್ಗಬಾರದು ಅಂತ ಬಯಲಲ್ಲಿ ಉದ್ದನೆಯ ಮರದ ಚೌಕಟ್ಟುಗಳನ್ನು ನೆಟ್ಟು, ಸಾಲಾಗಿ ಹೊಡೆದ ಕೊಕ್ಕೆಗಳಿಗೆ ಬಟ್ಟೆಯ ಅಂಚನ್ನು ಸಿಕ್ಕಿಸಿ ಬಿಗಿಯಾಗಿ ಎಳೆದು ಬಿಡುತ್ತಿದ್ದರು. ಆ ಚೌಕಟ್ಟು 'ಟೆಂಟರ್', ಕೊಕ್ಕೆ 'ಟೆಂಟರ್‌ಹುಕ್'. ಫಲಿತಾಂಶಕ್ಕೆ ಕಾಯುತ್ತ ಉಸಿರು ಬಿಗಿಹಿಡಿದು ಕೂತವರನ್ನು ಇಂಗ್ಲಿಷರು ಈಗಲೂ ಟೆಂಟರ್‌ಹುಕ್ ಮೇಲಿದ್ದಾರೆ ಅನ್ನುತ್ತಾರೆ. ನಾವು ತುದಿಗಾಲಲ್ಲಿ ನಿಲ್ಲುತ್ತೇವೆ, ಅವರು ಕೊಕ್ಕೆಗೆ ನೇತಾಡುತ್ತಾರೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸಿನಲ್ಲಿ ಟೆಂಟರ್ ಗ್ರೌಂಡ್ ಅಂತ ಒಂದು ಬೀದಿಯೇ ಇದೆ. ಆಮೇಲೆ ಟೀಸಲ್ ಅನ್ನುವ ಗಿಡದ ಮುಳ್ಳುಕಾಯಿಯಿಂದ ಬಟ್ಟೆಯ ಮೈ ಕೆರೆದು ನವಿರು ಎಬ್ಬಿಸಬೇಕು, ಎದ್ದ ನವಿರನ್ನು ಭಾರೀ ಕತ್ತರಿಯಿಂದ ಸಮ ಕತ್ತರಿಸಬೇಕು. ಹಾಗೆ ಕತ್ತರಿಸುವವನು ಶಿಯರ್‌ಮನ್, ಅಂದ್ರೆ ಇವತ್ತಿನ ಶರ್ಮನ್. ಲಂಡನ್ನಿನಲ್ಲಿ ಫುಲ್ಲರ್‌ಗಳ ಸಂಘವೂ ಶಿಯರ್‌ಮನ್ನರ ಸಂಘವೂ 1528ರಲ್ಲಿ ಒಂದಾದವು.

ಇಷ್ಟೆಲ್ಲ ಓದಿಕೊಂಡು ಹೋಗುವಾಗ ಒಂದು ಕಡೆ ನಾನು ನಿಂತುಬಿಟ್ಟೆ. ಇಂಗ್ಲೆಂಡಿನಲ್ಲಿ ಮನೆತನದ ಹೆಸರುಗಳು ಗಟ್ಟಿಯಾದದ್ದು ಹೆಚ್ಚುಕಡಿಮೆ 12ರಿಂದ 14ನೇ ಶತಮಾನದ ನಡುವೆ. ಒಂದೇ ಊರಲ್ಲಿ ಹತ್ತು ಜಾನ್, ಎಂಟು ವಿಲಿಯಂ. ತೆರಿಗೆ ಬರೆಯುವ ಗುಮಾಸ್ತ ಏನು ಮಾಡಬೇಕು? ತುಳಿಯುವ ಜಾನ್, ನೇಯುವ ಜಾನ್ ಅಂತ ಬರೆದುಕೊಂಡ. ಕಾಲಕ್ರಮೇಣ ಅದು ಮಗನಿಗೂ ಮೊಮ್ಮಗನಿಗೂ ಅಂಟಿತು. ಆದರೆ ಸರಿಯಾಗಿ ಅದೇ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಹೊಳೆ ದಂಡೆಯಲ್ಲಿ ನೀರಿನ ಚಕ್ರ ತಿರುಗಿಸಿ, ಆ ಚಕ್ರದಿಂದ ಎರಡು ದೊಡ್ಡ ಮರದ ಸುತ್ತಿಗೆಗಳನ್ನು ಒಂದಾದ ಮೇಲೊಂದು ಎತ್ತಿ ಬೀಳಿಸಿ, ಬಟ್ಟೆಯನ್ನು ಕುಟ್ಟಿಸುವ ಗಿರಣಿಗಳು ಬರುತ್ತಿದ್ದವು. 1185ರಲ್ಲಿ ನೈಟ್ಸ್ ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳ ಪಂಗಡದವರು ತಮ್ಮ ಆಸ್ತಿಯ ಲೆಕ್ಕ ಬರೆಸಿದಾಗಲೇ ಯಾರ್ಕ್‌ಷೈರಿನ ನ್ಯೂಸಮ್ಮಿನಲ್ಲಿ ಇಂಥದೊಂದು ಗಿರಣಿ ಇತ್ತು. ಮುಂದಿನ ನೂರು ವರ್ಷಗಳಲ್ಲಿ ಅವು ಊರೂರಿಗೆ ಹಬ್ಬಿದವು. ಎಲೀನೊರಾ ಕಾರಸ್-ವಿಲ್ಸನ್ ಎಂಬ ಇತಿಹಾಸಕಾರ್ತಿ 1941ರಲ್ಲಿ ಇದನ್ನು 13ನೇ ಶತಮಾನದ ಕೈಗಾರಿಕಾ ಕ್ರಾಂತಿ ಅಂತಲೇ ಕರೆದರು. ಬಟ್ಟೆ ಕೆಲಸ ಪಟ್ಟಣ ಬಿಟ್ಟು ಹಳ್ಳಿಯ ಹೊಳೆಗಳ ಕಡೆ ಸರಿದದ್ದು ಇದರಿಂದ ಅನ್ನುವುದು ಅವರ ವಾದ. ಅಷ್ಟು ದೊಡ್ಡ ಮಾತು ಬೇಡ ಅಂತ ಆಮೇಲಿನವರು ತಕರಾರು ತೆಗೆದಿದ್ದಾರೆ, ಅದಿರಲಿ.

ಅಂದ್ರೆ ತುಳಿಯುವವನು ಅನ್ನುವ ಹೆಸರು ಮನೆತನಕ್ಕೆ ಅಂಟುವಷ್ಟರಲ್ಲಿ ತುಳಿಯುವ ಕಾಲಿಗೆ ಬದಲಿ ಬಂದುಬಿಟ್ಟಿತ್ತು. ಗಿರಣಿಯ ಪಕ್ಕ ನಿಂತು, ಸುತ್ತಿಗೆಯ ಕೆಳಗೆ ಬಟ್ಟೆ ಸರಿಯಾಗಿ ಹೊರಳುತ್ತಿದೆಯಾ ಅಂತ ನೋಡಿಕೊಳ್ಳುವವನಿಗೂ ವಾಕರ್ ಅಂತಲೇ ಕರೆದರು. ಡ್ರೈವರ್ ಇಲ್ಲದ ಕಾರು ಬಂದ ವರ್ಷವೇ ಒಬ್ಬರ ಮನೆತನಕ್ಕೆ ಡ್ರೈವರ್ ಅಂತ ಹೆಸರು ಖಾಯಂ ಆದ ಹಾಗೆ.

ಎಲ್ಲರೂ ಗಿರಣಿಗೆ ಹೋದರು ಅಂತಲ್ಲ. ಗಿರಣಿ ಜಮೀನ್ದಾರನದ್ದು ಅಥವಾ ಮಠದ್ದು, ಅಲ್ಲಿಗೇ ತರಬೇಕು, ದುಡ್ಡು ಕೊಡಬೇಕು. ಸೇಂಟ್ ಆಲ್ಬನ್ಸಿನಲ್ಲಿ 13ನೇ ಶತಮಾನದಲ್ಲಿ ಮಠಾಧಿಪತಿ ಹೀಗೆ ಹುಕುಂ ಹೊರಡಿಸಿದರೆ, ಜನ ಮನೆಯಲ್ಲೇ ಬಟ್ಟೆ ಬಿಗಿ ಮಾಡಿಕೊಂಡು ಸೆಡ್ಡು ಹೊಡೆದರು. ಪುಕ್ಕಟೆ ಕಾಲಿರುವಾಗ ಬಾಡಿಗೆ ಸುತ್ತಿಗೆ ಯಾಕೆ? ಸ್ಕಾಟ್‌ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳಲ್ಲಂತೂ ಈ ಕೆಲಸ 20ನೇ ಶತಮಾನದವರೆಗೂ ಕೈಯಲ್ಲೇ ನಡೆಯಿತು. ಅಲ್ಲಿ ಹೆಂಗಸರದ್ದೇ ರಾಜ್ಯ. ಉದ್ದನೆಯ ಹಲಗೆಯ ಸುತ್ತ ಕೂತು, ಒದ್ದೆ ಬಟ್ಟೆಯನ್ನು ಒಟ್ಟಿಗೆ ಕುಕ್ಕುತ್ತ ಪಕ್ಕದವಳಿಗೆ ದಾಟಿಸುತ್ತ ಹಾಡುತ್ತಿದ್ದರು. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಸೊಲ್ಲು ಸೇರಿಸುತ್ತಾರೆ. ಕೈಯ ಏಟಿಗೆ ತಾಳ. ನಮ್ಮ ಬೀಸುವ ಪದಗಳನ್ನು ಕೇಳಿದವರಿಗೆ ಅದರ ಲಯ ಯಾರೂ ವಿವರಿಸಿ ಹೇಳಬೇಕಿಲ್ಲ. ಸ್ಕಾಟ್‌ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ಈ ಕೆಲಸಕ್ಕೆ ಹೆಸರು 'ವಾಕಿಂಗ್', ಸ್ಪೆಲಿಂಗ್ ಮಾತ್ರ ಬೇರೆ.

ಹೆಸರು ಮತ್ತು ಕಸುಬು ಬೇರೆ ಬೇರೆಯಾದದ್ದೂ ಬೇಗನೇ. 1379ರ ತಲೆಗಂದಾಯದ ಪಟ್ಟಿಗಳಲ್ಲಿ ಹೆಸರಿನ ಜೊತೆ ಕಸುಬನ್ನೂ ಬರೆದಿರುವ ಕಡೆ, ಹೆಸರು ಒಂದು ಕೆಲಸ ಇನ್ನೊಂದು ಆದವರು ಸಿಗುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಬಡಿಗೇರ, ಪತ್ತಾರ, ಕಂಬಾರ, ಹೂಗಾರ, ಗಾಣಿಗೇರ ಅಂತ ಅಡ್ಡಹೆಸರುಗಳಿವೆಯಲ್ಲ, ಕೇಳಲು ಹಾಗೇ ಅನ್ನಿಸುತ್ತವೆ. ಅವರಿಗೊಂದು 'ಅರ್', ನಮಗೊಂದು 'ಗಾರ', 'ಗೇರ'. ಆದರೆ ಹೋಲಿಕೆ ಅಲ್ಲಿಗೆ ಸಾಕು. ಅಲ್ಲಿ ವಾಕರ್‌ನ ಮಗ ಬ್ರೆಡ್ ಸುಡಲು ಹೋದರೆ ಹೆಸರು ಸುಮ್ನೆ ಹೆಸರಾಗಿ ಉಳಿಯಿತು. ಇಲ್ಲಿ ಎರಡು ತಲೆಮಾರು ಇಂಜಿನಿಯರುಗಳಾದರೂ ಅಡ್ಡಹೆಸರು ಕೇಳುವವರು ಕೇಳುವುದು ಏನನ್ನು ತಿಳಿದುಕೊಳ್ಳಲು ಅಂತ ನಮಗೆಲ್ಲ ಗೊತ್ತಿದೆ.

ಹಾಗೆ ಕಸುಬಿನಿಂದ ಬಿಡಿಸಿಕೊಂಡ ಹೆಸರುಗಳು ಆಮೇಲೆ ಎಲ್ಲೆಲ್ಲಿ ತಿರುಗಿದವು ನೋಡಿ. ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ಅಮೆರಿಕದ ವಾಸ್ತುಶಿಲ್ಪಿ ಗುಮ್ಮಟಗಳಿಗೆ ಪ್ರಸಿದ್ಧ. 1985ರಲ್ಲಿ 60 ಇಂಗಾಲದ ಪರಮಾಣುಗಳು ಫುಟ್‌ಬಾಲಿನ ಹಾಗೆ ಸೇರಿಕೊಂಡ ಅಣು ಸಿಕ್ಕಾಗ ಅದಕ್ಕೆ ಅವನ ಹೆಸರಿಟ್ಟರು. ಫುಲ್ಲರೀನ್. ಅದಕ್ಕೆ 1996ರಲ್ಲಿ ನೊಬೆಲ್ ಕೂಡ ಬಂತು. ಅಮೆರಿಕದಲ್ಲೇ ಸಾರಾ ಬ್ರೀಡ್‌ಲವ್ ಎಂಬ ಕಪ್ಪು ಹೆಂಗಸು, ಗುಲಾಮರಾಗಿದ್ದ ತಂದೆತಾಯಿಯ ಮಗಳು, ವರ್ಷಗಟ್ಟಲೆ ಬೇರೆಯವರ ಬಟ್ಟೆ ಒಗೆದು ಮಗಳನ್ನು ಸಾಕಿದಳು. ಆಮೇಲೆ ಚಾರ್ಲ್ಸ್ ವಾಕರ್ ಎಂಬುವನನ್ನು ಮದುವೆಯಾಗಿ, ಕೂದಲಿನ ಆರೈಕೆಯ ಸಾಮಾನು ಮಾರಿ, ಮೇಡಂ ಸಿ. ಜೆ. ವಾಕರ್ ಅಂತ ದೇಶಕ್ಕೆಲ್ಲ ಹೆಸರಾದಳು. ಬಟ್ಟೆ ತುಳಿಯುವವನ ಹೆಸರು ಅವಳಿಗೆ ಬಂದದ್ದು ಬಟ್ಟೆ ಒಗೆಯುವುದನ್ನು ಬಿಟ್ಟ ಮೇಲೆ.

ಇನ್ನು ಬಾಟಲಿ. ಸ್ಕಾಟ್‌ಲೆಂಡಿನ ಕಿಲ್ಮಾರ್ನಕ್‌ನಲ್ಲಿ ಜಾನ್ ವಾಕರ್ ಎಂಬ ಹುಡುಗ 1820ರಲ್ಲಿ ಕಿರಾಣಿ ಅಂಗಡಿ ಇಟ್ಟ. ಅಲ್ಲಿಂದ ಬೆಳೆದದ್ದೇ ಜಾನಿ ವಾಕರ್ ವಿಸ್ಕಿ. 1908ರಲ್ಲಿ ಅದಕ್ಕೊಂದು ಚಿತ್ರ ಬೇಕಾದಾಗ ಟಾಮ್ ಬ್ರೌನ್ ಎಂಬ ಕಲಾವಿದ ಟೋಪಿ, ಕೋಟು, ಬೂಟು ಹಾಕಿ ಬಿರುಸಾಗಿ ನಡೆಯುವವನನ್ನು ಬರೆದುಕೊಟ್ಟ. ನೋಡಿದವರೆಲ್ಲ ಸರಿಯಾಗಿದೆ ಅಂದುಕೊಂಡಿರಬೇಕು, ವಾಕರ್ ಅಂದ್ರೆ ನಡೆಯುವವನೇ ತಾನೇ? ಅವನ ಬೂಟು ಬಿಚ್ಚಿ, ಪ್ಯಾಂಟು ಮಂಡಿಗೆ ಮಡಚಿ, ಮೂತ್ರದ ತೊಟ್ಟಿಗೆ ಇಳಿಸಿದ್ದರೆ ಚಿತ್ರ ಇನ್ನೂ ಸರಿಯಾಗಿರುತ್ತಿತ್ತು. ವಿಸ್ಕಿ ಮಾತ್ರ ಖರ್ಚಾಗುತ್ತಿರಲಿಲ್ಲ.

ಅದೇ ಬಾಟಲಿಯಿಂದ ಹೆಸರು ಮುಂಬೈಗೂ ಇಳಿಯಿತು. ಬದ್ರುದ್ದೀನ್ ಖಾಜಿ ಎಂಬ ಬಸ್ ಕಂಡಕ್ಟರ್ ಕುಡುಕನ ಪಾತ್ರವನ್ನು ಸೊಗಸಾಗಿ ಮಾಡಿ ತೋರಿಸಿದ್ದಕ್ಕೆ, ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಅವನಿಗೆ ಜಾನಿ ವಾಕರ್ ಅಂತ ಹೆಸರಿಟ್ಟರು. ಆ ಮನುಷ್ಯ ಕುಡಿಯುತ್ತಲೇ ಇರಲಿಲ್ಲವಂತೆ. ಬಟ್ಟೆ ತುಳಿಯದ ವಾಕರ್‌ಗಳ ಸಾಲಿನಲ್ಲಿ ವಿಸ್ಕಿ ಮುಟ್ಟದ ಜಾನಿ ವಾಕರ್ ಒಬ್ಬ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಿಬಿಡುತ್ತೇನೆ. ಪ್ರತಿಯೊಬ್ಬ ಟಕರ್‌ನ ಹಿಂದೆಯೂ ತೊಟ್ಟಿ ಇರುವುದಿಲ್ಲ. ಐರ್ಲೆಂಡಿನ ಕೆಲವು ಟಕರ್‌ಗಳದ್ದು ಗೇಲಿಕ್ ಹೆಸರು, ಇಂಗ್ಲಿಷಿನವರ ಕಿವಿಗೆ ಟಕರ್ ಅಂತ ಕೇಳಿಸಿ ಹಾಗೇ ಉಳಿಯಿತು. ನ್ಯೂಕಾಸಲ್ಲಿನಲ್ಲಿ ವಾಕರ್ ಅನ್ನುವ ಊರೇ ಇದೆ, ಅದಕ್ಕೂ ಬಟ್ಟೆಗೂ ಸಂಬಂಧವಿಲ್ಲ. ರೋಮನ್ನರು ಕಟ್ಟಿದ ಗೋಡೆಯ ಪಕ್ಕದ ಜೌಗು ಅನ್ನುವುದು ಅದರ ಅರ್ಥ. ಈ ಸಲ ಬಂದಾಗ ಅಕ್ಕ, ತನ್ನ ಆಫೀಸಿನಲ್ಲಿರುವ ವಾಕರ್ ಒಬ್ಬರಿಗೆ ಇದನ್ನೆಲ್ಲ ಹೇಳಿದೆ ಅಂದಳು. ಅವರು ಮೂತ್ರದ ವಿಷಯ ಬಂದ ಕೂಡಲೇ, ಬಹುಶಃ ನಾವು ಆ ಊರಿನ ಕಡೆಯವರಿರಬೇಕು ಅಂದರಂತೆ.

ಸ್ವೆಟರ್ ಏನಾಯಿತು ಅಂದ್ರೆ, ಒಂದೆರಡು ತಿಂಗಳು ಕುರ್ಚಿಯ ಮೇಲೆ ಬಿದ್ದಿತ್ತು. ಹೊಸದು, ಎಸೆಯಲು ಮನಸ್ಸು ಬರಲಿಲ್ಲ. ಒಂದು ಭಾನುವಾರ ಅಮ್ಮ ಕತ್ತರಿ ತಗೊಂಡು ಬೆನ್ನಿನ ಭಾಗವನ್ನು ಚೌಕ ಚೌಕವಾಗಿ ಕತ್ತರಿಸಿದರು. ಎಳೆ ಬಿಚ್ಚಿಕೊಳ್ಳುತ್ತೆ, ಅಂಚು ಹೊಲಿಯಬೇಕು ಅಂತ ಸೂಜಿ ದಾರ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಕತ್ತರಿಸಿದ ಅಂಚನ್ನು ಉಗುರಿನಿಂದ ಕೆರೆದರು, ಎಳೆದರು, ಕೊಡವಿದರು. ಒಂದು ಎಳೆಯೂ ಬರಲಿಲ್ಲ. "ಇದನ್ನ ಹೊಲಿಯೋದೇ ಬೇಡ ಕಣೋ" ಅಂದು ಸೂಜಿಯನ್ನು ಡಬ್ಬಿಗೆ ಹಾಕಿದರು. ಈಗ ನಮ್ಮನೆಯಲ್ಲಿ ಕುಕ್ಕರ್ ಇಳಿಸುವ ಮಸಿಬಟ್ಟೆ ಅದೇ.